ಶಾಲೆಯ ಬೀಗದ ಕೈ

ನಮ್ಮೂರ ಶಾಲೆಯ ಬೀಗದ ಕೈ ನಾನು ಓದಿ ಮುಗಿಸುವವರೆಗೂ ಕೇರಿಗೆ ಬರಲಿಲ್ಲ. ಊರೊಳಗಿನವರ ಮದುವೆಗೆ ಅದರ ಬಾಗಿಲು ತೆಗೆಯುತ್ತಿತ್ತು. ನಮ್ಮವರು ಅಂಬೇಡ್ಕರ್ ಜಯಂತಿಗೆ ಕೇಳಿದರೆ 'ಸರ್ಕಾರದ ಕಟ್ಟಡ, ಕೊಡೋಕಾಗಲ್ಲ' ಅನ್ನುತ್ತಿದ್ದರು. ಆ ಕಟ್ಟಡಕ್ಕೆ ಕಲ್ಲು ಹೊತ್ತವರಲ್ಲಿ ನನ್ನ ಅವ್ವನೂ ಒಬ್ಬಳು.

ಹಾಗಾದರೆ ಶಾಲೆ ಯಾರದು? ಈ ಪ್ರಶ್ನೆಗೆ ಅಮೆರಿಕದ ದಕ್ಷಿಣ ರಾಜ್ಯಗಳ ಕರಿಯರು ನೂರು ವರ್ಷದ ಹಿಂದೆಯೇ ಗೋಡೆ ಎಬ್ಬಿಸಿ ಉತ್ತರ ಕೊಟ್ಟಿದ್ದರು. ಅಲ್ಲಿ ಬಿಳಿಯರ ಮಕ್ಕಳಿಗೆ ಒಂದು ಶಾಲೆ, ಕರಿಯರ ಮಕ್ಕಳಿಗೆ ಇನ್ನೊಂದು. ಕರಿಯರ ತೆರಿಗೆ ಬೇಕು, ಅವರ ಮಕ್ಕಳಿಗೆ ಸೂರು ಬೇಡ. ಎಷ್ಟೋ ಕಡೆ ಚರ್ಚೇ ಶಾಲೆ, ಮುರುಕು ಗುಡಿಸಲೇ ಶಾಲೆ. 1912ರಲ್ಲಿ ಟಸ್ಕೆಗೀ ಸಂಸ್ಥೆಯ ಬೂಕರ್ ಟಿ. ವಾಷಿಂಗ್ಟನ್, ಷಿಕಾಗೋದ ವ್ಯಾಪಾರಿ ಜೂಲಿಯಸ್ ರೋಸನ್‌ವಾಲ್ಡ್ ಕೊಟ್ಟ ಹಣದಿಂದ ಅಲಬಾಮಾದ ಹಳ್ಳಿಗಾಡಿನಲ್ಲಿ ಆರು ಶಾಲೆ ಕಟ್ಟಿಸಲು ಹೊರಟರು. 1932ರ ಹೊತ್ತಿಗೆ 15 ರಾಜ್ಯಗಳಲ್ಲಿ ಸುಮಾರು 5 ಸಾವಿರ ಶಾಲೆಗಳು ಎದ್ದು ನಿಂತಿದ್ದವು.

ಕರಿಯ ವಾಸ್ತುಶಿಲ್ಪಿ ರಾಬರ್ಟ್ ಆರ್. ಟೇಲರ್ ಮತ್ತು ಸಂಗಡಿಗರ ನಕ್ಷೆಗಳ ಪುಸ್ತಕ 1915ರಲ್ಲಿ ಟಸ್ಕೆಗೀಯಿಂದ ಬಂತು. ಅದರ ಹೆಸರಿನಲ್ಲೇ ಶಾಲೆಯ ಜೊತೆ ಸಮುದಾಯವೂ ಇತ್ತು. ಹಳ್ಳಿಯಲ್ಲಿ ಕರೆಂಟಿಲ್ಲ; ಅದಕ್ಕೇ ಸಾಲುಸಾಲು ಎತ್ತರದ ಕಿಟಕಿ. ಎಷ್ಟೋ ಶಾಲೆಗಳಲ್ಲಿ ಎರಡು ಕೋಣೆಗಳ ನಡುವೆ ಸರಿಸುವ ಗೋಡೆ. ಹಗಲು ಮಕ್ಕಳ ಪಾಠ. ಸಂಜೆ ಗೋಡೆ ಸರಿಸಿದರೆ ಇಡೀ ಕೇರಿ ಕೂರುವಷ್ಟು ಜಾಗ. ಅಲ್ಲೇ ಸಭೆ, ಅಲ್ಲೇ ಹಾಡು, ನಾಟಕ.

ದುಡ್ಡು ಯಾರದು? ರೋಸನ್‌ವಾಲ್ಡ್ ನಿಧಿ ಕೊಟ್ಟದ್ದು ಸುಮಾರು 44 ಲಕ್ಷ ಡಾಲರ್. ಕರಿಯರು ಕೂಡಿಸಿದ್ದು ಸುಮಾರು 47 ಲಕ್ಷ. ಹತ್ತಿಹೊಲದ ಒಂದು ತುಂಡನ್ನು ಶಾಲೆಯ ಹೆಸರಿಗೇ ಬೆಳೆದವರುಂಟು. ಮರ ಕೊಟ್ಟರು, ಮೈಬಗ್ಗಿಸಿ ದುಡಿದರು. ಉಳಿದದ್ದರಲ್ಲಿ ಬಹುಪಾಲು ತೆರಿಗೆ ಹಣ. ಅದರಲ್ಲೂ ಅವರ ಬೆವರಿತ್ತು. ಆದರೂ ಚರಿತ್ರೆಯಲ್ಲಿ ಅವು ಇಂದಿಗೂ ರೋಸನ್‌ವಾಲ್ಡ್ ಶಾಲೆಗಳು! ಕೊಟ್ಟ ಕೈಗೆ ಹೆಸರು, ಕಟ್ಟಿದ ಕೈಗೆ ಬೊಬ್ಬೆ.

ಕೋಣೆಯ ಗೋಡೆ ಸರಿಯಿತು. ಬಿಳಿಯರಿಗೂ ಕರಿಯರಿಗೂ ನಡುವಿನ ಗೋಡೆ ಸರಿಯಲಿಲ್ಲ. ಬೇರೆ ಬೇರೆ ಶಾಲೆ ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1954ರಲ್ಲಿ. ಆ ತೀರ್ಪು ಜಾರಿಯಾದಾಗ ಬಾಗಿಲು ಮುಚ್ಚಿದ್ದು ಹೆಚ್ಚಾಗಿ ಕರಿಯರ ಶಾಲೆಗಳೇ. ಅವರ ಎಷ್ಟೋ ಮೇಷ್ಟ್ರುಗಳು ಕೆಲಸ ಕಳೆದುಕೊಂಡರು. ಬಹಳ ಕಟ್ಟಡಗಳು ಬಿದ್ದುಹೋದವು. ಕೆಲವನ್ನು ಅಲ್ಲಿ ಓದಿದವರೇ ರಿಪೇರಿ ಮಾಡಿ ಸಮುದಾಯದ ಭವನ ಮಾಡಿಕೊಂಡಿದ್ದಾರೆ.

ಗೆಳೆಯರೆ, ಮೇಷ್ಟ್ರುಗಳೆ, ನಿಮ್ಮೂರಲ್ಲಿ ಹೊಸ ಶಾಲೆಗೆ ಪಾಯ ತೋಡುವಾಗ ನಕ್ಷೆ ಕೇಳಿ. ಹೊತ್ತು ಮುಳುಗಿದ ಮೇಲೆ ಅದರ ಬಾಗಿಲು ಯಾರಿಗೆ ತೆರೆಯುತ್ತೆ ಅಂತ ಕೇಳಿ. ಬೀಗದ ಕೈ ಯಾರ ಸೊಂಟದಲ್ಲಿರುತ್ತೆ, ಅದನ್ನು ಮೊದಲು ಕೇಳಿ.