ನೆಟ್‌ವರ್ಕ್ ಡ್ರೈವ್‌ನಲ್ಲಿ ವೆಬ್ ಅಪ್ಲಿಕೇಶನ್‌ನ ಓದುವ ಅನುಮತಿ

ನೆಟ್‌ವರ್ಕ್ ಡ್ರೈವ್‌ನಲ್ಲಿ ವೆಬ್ ಅಪ್ಲಿಕೇಶನ್‌ನ ಓದುವ ಅನುಮತಿ ಎಂದರೆ ಒಂದು ಸರ್ವರ್‌ನಲ್ಲಿ ನಡೆಯುವ ವೆಬ್ ತಂತ್ರಾಂಶಕ್ಕೆ, ಜಾಲದ ಬೇರೊಂದು ಗಣಕದಲ್ಲಿರುವ ಕಡತಗಳನ್ನು ಓದಲು ನೀಡುವ ಅಧಿಕಾರ. ತಂತ್ರಾಂಶವು ಯಾವ ಖಾತೆಯ ಹೆಸರಿನಲ್ಲಿ ನಡೆಯುತ್ತದೆಯೋ ಆ ಖಾತೆಗೆ ಈ ಅಧಿಕಾರ ಸಲ್ಲುತ್ತದೆ.

ಖಾತೆ

ಮೈಕ್ರೋಸಾಫ್ಟ್‌ನ ವೆಬ್ ಸರ್ವರ್ ಐಐಎಸ್‌ನಲ್ಲಿ ಪ್ರತಿ ಅಪ್ಲಿಕೇಶನ್ ಪೂಲ್‌ಗೂ ಒಂದು ಖಾತೆಯಿರುತ್ತದೆ. 7.5ನೆಯ ಆವೃತ್ತಿಯಿಂದ ತಾನಾಗಿ ದೊರೆಯುವ ಖಾತೆಯು ಆ ಸರ್ವರ್‌ನೊಳಗೆ ಮಾತ್ರ ಪರಿಚಿತವಾಗಿದ್ದು, ಜಾಲದಲ್ಲಿ ಸರ್ವರ್‌ನ ಗಣಕ ಖಾತೆಯಾಗಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಅನುಮತಿಯನ್ನು ಆ ಗಣಕ ಖಾತೆಗೆ ಅಥವಾ ಈ ಕೆಲಸಕ್ಕೆಂದೇ ರಚಿಸಿದ ಡೊಮೇನ್ ಖಾತೆಗೆ ನೀಡಲಾಗುತ್ತದೆ. ಎರಡನೆಯ ವಿಧಾನದಲ್ಲಿ ಅದೇ ಸರ್ವರ್‌ನ ಇತರ ತಂತ್ರಾಂಶಗಳಿಗೆ ಕಡತಗಳು ತೆರೆದುಕೊಳ್ಳುವುದಿಲ್ಲ.

ಮಾರ್ಗ

ಬಳಕೆದಾರರು ಜೋಡಿಸಿಕೊಂಡ ಡ್ರೈವ್ ಅಕ್ಷರಗಳು ಅವರ ಲಾಗಿನ್‌ಗೆ ಸೀಮಿತ. ನಿರ್ವಾಹಕರಿಗೆ ತೆರೆದುಕೊಳ್ಳುವ ಕಡತವು ತಂತ್ರಾಂಶಕ್ಕೆ ಸಿಗದಿರಲು ಇದು ಸಾಮಾನ್ಯ ಕಾರಣ. ಇದಕ್ಕೆ ಬದಲಾಗಿ ಸರ್ವರ್‌ನ ಮತ್ತು ಹಂಚಿದ ಫೋಲ್ಡರ್‌ನ ಹೆಸರುಗಳುಳ್ಳ ಪೂರ್ಣ ಮಾರ್ಗವನ್ನು ಬಳಸಲಾಗುತ್ತದೆ.

ಎರಡು ಹಂತದ ಪರಿಶೀಲನೆ

ವಿಂಡೋಸ್‌ನಲ್ಲಿ ಹಂಚಿಕೆಯ ಅನುಮತಿ ಮತ್ತು ಎನ್‌ಟಿಎಫ್‌ಎಸ್ ಕಡತ ವ್ಯವಸ್ಥೆಯ ಅನುಮತಿ ಎಂಬ ಎರಡು ಹಂತಗಳಿದ್ದು, ಎರಡರಲ್ಲಿ ಹೆಚ್ಚು ಕಟ್ಟುನಿಟ್ಟಾದುದು ಅನ್ವಯಿಸುತ್ತದೆ. ಒಂದರಲ್ಲಿ ಮಾತ್ರ ಅನುಮತಿ ನೀಡಿದರೆ ಪ್ರವೇಶ ದೊರೆಯದು. ಸಂದರ್ಶಕನ ಗುರುತಿನಲ್ಲೇ ಕಡತ ಓದಬೇಕಾದರೆ, ಆ ಗುರುತನ್ನು ಮುಂದಿನ ಗಣಕಕ್ಕೆ ದಾಟಿಸಲು ಕರ್ಬೆರೋಸ್ ನಿಯೋಜನೆಯನ್ನು ಪ್ರತ್ಯೇಕವಾಗಿ ಹೊಂದಿಸಬೇಕಾಗುತ್ತದೆ.

ಲಿನಕ್ಸ್‌ನಲ್ಲಿ ನೆಟ್‌ವರ್ಕ್ ಡ್ರೈವನ್ನು ಒಂದು ಫೋಲ್ಡರ್‌ಗೆ ಮೌಂಟ್ ಮಾಡಿ, ವೆಬ್ ಸರ್ವರ್‌ನ ಖಾತೆಗೆ ಓದುವ ಹಕ್ಕು ನೀಡಲಾಗುತ್ತದೆ. ಎಸ್‌ಇಲಿನಕ್ಸ್ ಜಾರಿಯಲ್ಲಿರುವ ವ್ಯವಸ್ಥೆಗಳಲ್ಲಿ ಅದರ ಒಪ್ಪಿಗೆಯೂ ಬೇಕು.

ಸುರಕ್ಷತೆ

ದೋಷ ನಿವಾರಣೆಯ ಅವಸರದಲ್ಲಿ ಎಲ್ಲರಿಗೂ ಪೂರ್ಣ ನಿಯಂತ್ರಣ ನೀಡುವುದು ಅಪಾಯಕಾರಿ. ಓದುವ ಹಕ್ಕು ಮಾತ್ರವಿದ್ದರೆ, ತಂತ್ರಾಂಶವು ದಾಳಿಗೆ ಒಳಗಾದರೂ ಅದರ ಖಾತೆಯ ಮೂಲಕ ಕಡತಗಳನ್ನು ಅಳಿಸಲು ಅಥವಾ ಗೂಢಲಿಪೀಕರಿಸಿ ಹಣ ಕೇಳಲು ಆಗದು. ಅಗತ್ಯವಿರುವಷ್ಟೇ ಅಧಿಕಾರ ನೀಡಬೇಕೆಂಬ ಈ ತತ್ತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರ ಪ್ರಬಂಧದಲ್ಲಿ ನಿರೂಪಿಸಿದರು.

ಓದುವ ಮತ್ತು ತಿದ್ದುವ ಹಕ್ಕುಗಳ ಇಂತಹ ವಿಂಗಡಣೆ ಕರ್ನಾಟಕದ ಭೂ ದಾಖಲೆಗಳ 'ಭೂಮಿ' ಯೋಜನೆಯಲ್ಲಿಯೂ ಇದೆ. ಅದು ನೆಟ್‌ವರ್ಕ್ ಡ್ರೈವ್ ಅಲ್ಲ, ದತ್ತಸಂಚಯವನ್ನು ಆಧರಿಸಿದ ವ್ಯವಸ್ಥೆ. ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡಿನ ಜಮೀನೊಂದರ ಪಹಣಿಯನ್ನು ಸಾರ್ವಜನಿಕರು ನೋಡಬಹುದು. ಆದರೆ ಹಕ್ಕು ಬದಲಾವಣೆಯನ್ನು ದಾಖಲಿಸುವ ಅಧಿಕಾರ ಕಂದಾಯ ಇಲಾಖೆಯ ನಿಯೋಜಿತ ಅಧಿಕಾರಿಗಳಿಗೆ ಮಾತ್ರ ಇದ್ದು, ಅವರ ಗುರುತಿನ ದೃಢೀಕರಣಕ್ಕೆ ಬೆರಳಚ್ಚನ್ನು ಬಳಸುವ ಪದ್ಧತಿಯನ್ನು ಯೋಜನೆಯು ತಂದಿತು.