ಪುಣೆಯ ರಾತ್ರಿ ಶಾಲೆ: ಪಾಠದ ಟೈಮ್ ಯಾರ ಟೈಮ್?

ಪುಣೆಯಲ್ಲಿರೋ ನಾವೆಲ್ಲ ಒಮ್ಮೆಯಾದರೂ ದಗಡೂಶೇಟ್ ಗಣಪತಿಗೆ ಹೋಗಿರ್ತೀವಿ. ಅದರ ಹತ್ತಿರಾನೇ, ಬುಧವಾರ ಪೇಟೆಯಲ್ಲಿ, ಭಿಡೆವಾಡ ಇದ್ದ ಜಾಗ. 1848ರಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಅಲ್ಲಿ. ಸಾವಿತ್ರಿಬಾಯಿಗೆ ಆಗ 17 ವರ್ಷ. ಮದುವೆಯಾದ ಮೇಲೆ ಗಂಡನಿಂದ ಅಕ್ಷರ ಕಲಿತವರು, ಬೇರೆಯವರಿಗೆ ಕಲಿಸೋಕೆ ನಿಂತರು.

ಇಷ್ಟು ನಮಗೆ ಗೊತ್ತಿರುತ್ತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು 1855ರ ಸಂಗತಿ. ಆ ವರ್ಷ ದಂಪತಿಗಳು ರೈತರಿಗೆ, ಕೂಲಿಯವರಿಗೆ ರಾತ್ರಿ ಶಾಲೆ ಶುರು ಮಾಡಿದರು. ಹಗಲೆಲ್ಲ ದುಡಿಯೋರು ಹಗಲಿನ ಶಾಲೆಗೆ ಬರೋದು ಹೇಗೆ? ಹಾಗಾಗಿ ಶಾಲೆಯೇ ಅವರ ಹೊತ್ತಿಗೆ ಹೊಂದಿಕೊಂಡಿತು.

ಇದನ್ನು ಓದುವಾಗ ನನಗೆ ನಾಚಿಕೆ ಆಯ್ತು. ನಾನು ಒಂದು ಬಸ್ತಿಯಲ್ಲಿ ಹತ್ತನೇ ಕ್ಲಾಸಿನ ಮಕ್ಕಳಿಗೆ ಗಣಿತ ಹೇಳಿಕೊಡ್ತೀನಿ. ಶನಿವಾರ ಬೆಳಗ್ಗೆ 11ಕ್ಕೆ, ಯಾಕೆಂದರೆ ನನಗೆ ರಜೆ ಆಗ. ಒಬ್ಬ ಹುಡುಗ ನಾಲ್ಕು ವಾರ ಬರಲಿಲ್ಲ. ಶೀಟ್‌ನಲ್ಲಿ 'ಆಸಕ್ತಿ ಇಲ್ಲ' ಅಂತ ಬರೆದೆ. ಆಮೇಲೆ ಗೊತ್ತಾಯ್ತು, ಶನಿವಾರ ಅಪ್ಪನ ತರಕಾರಿ ಗಾಡಿಗೆ ವ್ಯಾಪಾರ ಜಾಸ್ತಿ, ಇವನು ಜೊತೆಗೆ ಬೇಕೇ ಬೇಕು.

1882ರಲ್ಲಿ ಹಂಟರ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಜೋತಿರಾವ್ ಈ ವಿಷಯವನ್ನೇ ಮುಟ್ಟುತ್ತಾರೆ. ಮೇಷ್ಟ್ರು ಆದಷ್ಟು ರೈತಾಪಿ ಜನರಿಂದಲೇ ಬರಲಿ, ಆಗ ಮಕ್ಕಳೊಡನೆ ಬೆರೆಯುತ್ತಾರೆ, ಅವರ ಬೇಕು-ಬೇಡ ಅರ್ಥ ಮಾಡಿಕೊಳ್ತಾರೆ. ದೂರ ನಿಲ್ಲುವ ಮೇಲ್ಜಾತಿ ಮೇಷ್ಟ್ರಿಂದ ಅದು ಆಗದು ಅನ್ನೋದು ಅವರ ವಾದ. ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ವಾರಕ್ಕೊಮ್ಮೆ ಹೋಗೋ ನಾವೂ ದೂರ ನಿಂತವರೇ ಅಲ್ವಾ?

ಹತ್ತಿರ ನಿಂತು ಕಲಿಸಿದರೆ ಏನಾಗುತ್ತೆ ಅನ್ನೋದಕ್ಕೆ ಮುಕ್ತಾ ಸಾಳ್ವೆ ಸಾಕ್ಷಿ. ಫುಲೆಯವರ ಶಾಲೆಯಲ್ಲಿ ಓದಿದ ಮಾಂಗ್ ಸಮುದಾಯದ ಹುಡುಗಿ. ಮಾಂಗ್-ಮಹಾರರ ದುಃಖದ ಬಗ್ಗೆ ಅವಳು ಬರೆದ ಪ್ರಬಂಧ 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಕಲಿತ ಅಕ್ಷರದಲ್ಲಿ ಅವಳು ಬರೆದದ್ದು ತನ್ನ ಜನರ ಮಾತು.

ನಮ್ಮ ಕ್ಲಾಸ್ ಈಗ ಬುಧವಾರ ರಾತ್ರಿ ಎಂಟೂವರೆಗೆ. ಆ ಹುಡುಗ ಅರ್ಧ ಹೊತ್ತು ತೂಕಡಿಸ್ತಾನೆ. ಆದರೆ ಬರ್ತಾನೆ. ನೀವೂ ಎಲ್ಲಾದರೂ ಪಾಠ ಹೇಳೋಕೆ ಹೊರಟಿದ್ದರೆ, ಪುಸ್ತಕ ತೆಗೆಯೋ ಮೊದಲು ಒಂದು ಮಾತು ಕೇಳಿ: "ನಿಮಗೆ ಯಾವಾಗ ಪುರುಸೊತ್ತು?"