ಸಿಡ್ನಿ ಒಲಿಂಪಿಕ್ಸಿನ 368 ದಿನ

2000ನೇ ಇಸವಿಯ ಸಿಡ್ನಿ ಒಲಿಂಪಿಕ್ಸ್ ಅಂದರೆ ನಮಗೆ ನೆನಪಾಗುವುದು ಕರ್ಣಂ ಮಲ್ಲೇಶ್ವರಿ. ಭಾರ ಎತ್ತುವ ಸ್ಪರ್ಧೆಯಲ್ಲಿ ಕಂಚು ಗೆದ್ದು, ಒಲಿಂಪಿಕ್ಸ್ ಪದಕ ತಂದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡರು. ಅದೇ ಕೂಟಕ್ಕೆ ಸಂಬಂಧಪಟ್ಟ ಇನ್ನೊಂದು ಗೆಲುವು ಮೈದಾನದಲ್ಲಿ ಆಗಲಿಲ್ಲ, ಒಂದು ಆಯೋಗದ ಮುಂದೆ ಆಯಿತು. ಗೆದ್ದವರು ಬ್ರೂಸ್ ಮಗ್ವಾಯರ್ ಎಂಬ ಅಂಧರು. ಸೋತದ್ದು ಒಲಿಂಪಿಕ್ಸ್ ನಡೆಸುತ್ತಿದ್ದ ಸಂಘಟನಾ ಸಮಿತಿ. ಜಗಳ ಇದ್ದದ್ದು ಒಂದು ವೆಬ್‌ಸೈಟಿನ ಬಗ್ಗೆ.

ಕಣ್ಣು ಕಾಣದವರು ಕಂಪ್ಯೂಟರ್ ಓದುವುದು ಹೇಗೆ ಅಂತ ಮೊದಲು ಹೇಳಿಬಿಡುತ್ತೇನೆ. ಒಂದು ದಾರಿ, ಪರದೆಯ ಮೇಲಿನ ಅಕ್ಷರಗಳನ್ನು ತಂತ್ರಾಂಶವೇ ಗಟ್ಟಿಯಾಗಿ ಓದಿ ಹೇಳುವುದು. ಇನ್ನೊಂದು, ಮಗ್ವಾಯರ್ ಬಳಸುತ್ತಿದ್ದ ಬ್ರೈಲ್ ಪಟ್ಟಿ. ಕೀಲಿಮಣೆಯ ಹತ್ತಿರ ಇಡುವ ಉದ್ದನೆಯ ಪಟ್ಟಿ ಅದು. ಅದರಲ್ಲಿ ಸಣ್ಣ ಸಣ್ಣ ಮೊಳೆಗಳು ಮೇಲೆದ್ದು ಕೆಳಗಿಳಿದು ಒಂದೊಂದೇ ಸಾಲನ್ನು ಬ್ರೈಲ್ ಚುಕ್ಕಿಗಳಾಗಿ ಮೂಡಿಸುತ್ತವೆ, ಬೆರಳಲ್ಲಿ ಮುಟ್ಟಿ ಓದುವುದು. ಎರಡಕ್ಕೂ ಬೇಕಾದದ್ದು ಅಕ್ಷರ. ಚಿತ್ರ ಬಂದರೆ ಎರಡೂ ಕುರುಡೇ. ಅದಕ್ಕಾಗಿ ವೆಬ್ ಪುಟ ಬರೆಯುವ ಭಾಷೆಯಲ್ಲೇ ಒಂದು ಅನುಕೂಲ ಇಟ್ಟಿದ್ದಾರೆ. ಚಿತ್ರದ ಹಿಂದೆ ‘ಇದು ಟಿಕೆಟ್ ಪುಟಕ್ಕೆ ಹೋಗುವ ಗುಂಡಿ’ ಎಂಬಂಥ ಒಂದು ಮಾತು ಬರೆದಿಡಬಹುದು. ನೋಡುವವರಿಗೆ ಅದು ಕಾಣುವುದಿಲ್ಲ, ಬೇಕಾದವರಿಗೆ ಸಿಗುತ್ತದೆ. ಇದಕ್ಕೆ ‘ಆಲ್ಟ್’ ಪಠ್ಯ ಎನ್ನುತ್ತಾರೆ. 1997ರಲ್ಲಿ ಬಂದ ಎಚ್‌ಟಿಎಂಎಲ್ 4ರಲ್ಲಿ ಇದನ್ನು ಕಡ್ಡಾಯ ಎಂದೇ ಬರೆದಿತ್ತು. 1999ರ ಮೇ 5ರಂದು ಅಂತರಜಾಲದ ಮಾನದಂಡ ಗೊತ್ತುಮಾಡುವ ಒಕ್ಕೂಟ, ಅಂಗವಿಕಲರಿಗೂ ಒದಗುವ ಹಾಗೆ ಪುಟ ಕಟ್ಟುವುದು ಹೇಗೆ ಎಂಬ ಮೊದಲ ಮಾರ್ಗಸೂಚಿಯನ್ನೂ ಪ್ರಕಟಿಸಿತ್ತು. ಆದ್ದರಿಂದ ‘ನಮಗೆ ಗೊತ್ತೇ ಇರಲಿಲ್ಲ’ ಎನ್ನುವ ಮಾತಿಗೆ ಜಾಗವಿರಲಿಲ್ಲ.

ಮಾರ್ಗಸೂಚಿ ಬಂದ ಮರು ತಿಂಗಳೇ, ಜೂನ್ 7ರಂದು, ಮಗ್ವಾಯರ್ ಆಸ್ಟ್ರೇಲಿಯಾದ ಮಾನವ ಹಕ್ಕು ಮತ್ತು ಸಮಾನ ಅವಕಾಶ ಆಯೋಗಕ್ಕೆ ದೂರು ಕೊಟ್ಟರು. ಟಿಕೆಟ್ ಪುಸ್ತಕ ಬ್ರೈಲ್‌ನಲ್ಲಿ ಸಿಗಲಿಲ್ಲ ಎನ್ನುವುದೂ ದೂರಿನಲ್ಲಿತ್ತು, ಅದರ ವಿಚಾರಣೆ ಬೇರೆ ನಡೆಯಿತು. ವೆಬ್‌ಸೈಟಿನ ವಿಷಯದಲ್ಲಿ ಅವರು ಕೇಳಿದ್ದು ಮೂರೇ. ಚಿತ್ರಗಳ ಹಿಂದೆ ಮಾತು ಬರೆಯಿರಿ. ವೇಳಾಪಟ್ಟಿಯ ಪುಟದಿಂದ ಕ್ರೀಡೆಗಳ ಪಟ್ಟಿಗೆ ಹೋಗಲು ದಾರಿ ಮಾಡಿ. ಕೂಟ ನಡೆಯುವಾಗ ಫಲಿತಾಂಶದ ಕೋಷ್ಟಕಗಳು ನನಗೂ ಓದಲು ಬರುವ ಹಾಗೆ ಇಡಿ.

ಎರಡನೆಯದಕ್ಕೆ ಸಮಿತಿ ಕೊಟ್ಟ ಉತ್ತರ ಕೇಳಿ: ಒಂದೊಂದು ಕ್ರೀಡೆಯ ಪುಟದ ವಿಳಾಸವನ್ನೂ ಪೂರ್ತಿಯಾಗಿ ಟೈಪ್ ಮಾಡಿದರೆ ಅಲ್ಲಿಗೆ ಹೋಗಬಹುದಲ್ಲ! ಆ ವಿಳಾಸ ಅವರಿಗೆ ಸಿಗುವುದು ಎಲ್ಲಿಂದ, ಮಾರಾಯ್ರೇ? ಕಣ್ಣಿದ್ದವರು ಪಡಬೇಕಾಗಿಲ್ಲದ ಪಾಡನ್ನು ಇವರ ಮೇಲೆ ಯಾಕೆ ಹೊರಿಸಬೇಕು ಎಂಬುದೇ ಆಯೋಗದ ನಿಲುವಾಗಿತ್ತು. ಕಾಸರಗೋಡಿನ ಕನ್ನಡಿಗರಿಗೆ ಈ ಜಾತಿಯ ಉತ್ತರ ಹೊಸತಲ್ಲ. ಮಲಯಾಳದಲ್ಲಿ ಮಾತ್ರ ಇರುವ ಫಾರಂ ಹಿಡಿದು ನಿಂತ ಹಿರಿಯರಿಗೆ ‘ಯಾರಲ್ಲಾದರೂ ಕೇಳಿ ಬರೆಸಿಕೊಳ್ಳಿ’ ಅಂದರೆ ಹೇಗೋ ಹಾಗೆ. ಕೆಲಸ ಆಗಬಹುದು, ಆದರೆ ಇನ್ನೊಬ್ಬರ ಕೈಕಾಯುವುದು ತಪ್ಪುವುದಿಲ್ಲ.

ಆಸ್ಟ್ರೇಲಿಯಾದ ಅಂಗವಿಕಲರ ತಾರತಮ್ಯ ವಿರೋಧಿ ಕಾಯ್ದೆ 1992ರದ್ದು. ಜನಸಾಮಾನ್ಯರ ಕೈಗೆ ಆಗ ಇಂಟರ್ನೆಟ್ ಬಂದೇ ಇರಲಿಲ್ಲ. ಸರಕು, ಸೇವೆ, ಸೌಲಭ್ಯ ಕೊಡುವಾಗ ಭೇದ ಮಾಡಬಾರದು ಎಂದು ಮಾತ್ರ ಅದರಲ್ಲಿತ್ತು. ವೆಬ್‌ಸೈಟ್ ಒಂದು ಸೇವೆ ಹೌದೋ ಅಲ್ಲವೋ? ವಿಚಾರಣೆ ನಡೆಸಿದ ವಿಲಿಯಂ ಕಾರ್ಟರ್ ಹೌದು ಎಂದರು. ಹಳೆಯ ಕಾನೂನಿನ ಮಾತನ್ನು ಹೊಸ ವಸ್ತುವಿಗೆ ಹಚ್ಚಿದ ಈ ತೀರ್ಮಾನವನ್ನು ಬೇರೆ ದೇಶಗಳವರು ಇವತ್ತಿಗೂ ಎತ್ತಿ ಹೇಳುತ್ತಾರೆ.

ಆದರೆ ಕಾನೂನಿನಲ್ಲಿ ಒಂದು ಕಿಂಡಿ ಇತ್ತು. ಮಾಡಿಕೊಡುವವರಿಗೆ ತಡೆಯಲಾರದ ಹೊರೆ ಆಗುತ್ತದೆ ಎಂದು ತೋರಿಸಿದರೆ ಬಿಡುಗಡೆ ಉಂಟು. ಸಮಿತಿ ಅಲ್ಲಿಗೇ ಕೈ ಹಾಕಿತು. ಫಲಿತಾಂಶದ ಪುಟಗಳಿಗೆ 1,295 ಅಚ್ಚುಗಳಿವೆ, ಒಬ್ಬ ದಿನಕ್ಕೆ ಎಂಟು ಗಂಟೆ ದುಡಿದರೂ 368 ದಿನ ಬೇಕು, ಖರ್ಚು 20 ಲಕ್ಷ ಡಾಲರಿಗೂ ಮೇಲೆ, ಎಂದಿತು. ಕೇಳಿದವರು ಬೆಚ್ಚಿಬೀಳುವ ಲೆಕ್ಕ. ಮಗ್ವಾಯರ್ ಪರವಾಗಿ ಇಬ್ಬರು ತಜ್ಞರು ಬಂದರು. ಕೆನಡಾದ ಯುಟಾ ಟ್ರೆವಿರಾನಸ್, ಅಚ್ಚುಗಳು ಅಷ್ಟೆಲ್ಲ ಇರಲಾರವು ಎಂದರು. ಆಸ್ಟ್ರೇಲಿಯಾದವರೇ ಆದ ಟಾಮ್ ವರ್ದಿಂಗ್ಟನ್, ಅನುಭವಿ ಒಬ್ಬನ ಕೈಕೆಳಗೆ ಐದರಿಂದ ಹತ್ತು ಜನ ಇದ್ದರೆ ನಾಲ್ಕು ವಾರದ ಕೆಲಸ ಎಂದು ಹೇಳಿದರು.

ನಾನು ಕ್ಯಾಲೆಂಡರ್ ಇಟ್ಟುಕೊಂಡು ಇನ್ನೊಂದು ಲೆಕ್ಕ ಹಾಕಿದೆ. ದೂರು ಕೊಟ್ಟದ್ದು 1999ರ ಜೂನ್ 7. ಕೂಟ ಶುರುವಾದದ್ದು 2000ದ ಸೆಪ್ಟೆಂಬರ್ 15. ನಡುವೆ 466 ದಿನ. ತಜ್ಞರ ಮಾತು ಒತ್ತಟ್ಟಿಗಿರಲಿ, ಸಮಿತಿಯ ಲೆಕ್ಕವನ್ನೇ ನಂಬೋಣ. ದೂರು ಬಂದ ಮರುದಿನ ಒಬ್ಬನೇ ಒಬ್ಬನನ್ನು ಕೂರಿಸಿ, ಅವನಿಗೆ ಭಾನುವಾರದ ರಜೆ ಕೊಟ್ಟಿದ್ದರೂ ಕೂಟಕ್ಕೆ ಮೊದಲೇ ಕೆಲಸ ಮುಗಿಯುತ್ತಿತ್ತು. ಆ ದಿನಗಳೆಲ್ಲ ಆಗುವುದಿಲ್ಲ ಎಂದು ವಾದಿಸುವುದರಲ್ಲೇ ಹೋದವು. ಇನ್ನು, ಮೊದಲೇ ಯೋಚಿಸಿದ್ದರೆ ಆ 368 ದಿನವೂ ಬೇಕಾಗುತ್ತಿರಲಿಲ್ಲ. ಕೆಂಪುಕಲ್ಲಿನ ಗೋಡೆ ಎಬ್ಬಿಸುವಾಗಲೇ ಬಾಗಿಲಿಗೆ ಜಾಗ ಬಿಟ್ಟರೆ ಖರ್ಚಿಲ್ಲ. ಸಾರಣೆ, ಬಣ್ಣ ಎಲ್ಲ ಆದ ಮೇಲೆ ಕಲ್ಲು ಕೊರೆಯಲು ಹೊರಟರೆ ಮೇಸ್ತ್ರಿ ಹೇಳಿದ್ದೇ ರೇಟು.

ಆಗಸ್ಟ್ 24ರಂದು ಆಯೋಗದ ತೀರ್ಪು ಬಂತು. ಮೂರೂ ಬೇಡಿಕೆಗಳು ಸರಿ, ಸೆಪ್ಟೆಂಬರ್ 15ರೊಳಗೆ ಮಾಡಿಕೊಡಿ ಎಂದು. ಸಮಿತಿ ಪೂರ್ತಿಯಾಗಿ ಮಾಡಲಿಲ್ಲ. ಕೂಟ ಮುಗಿಯಿತು, ಪಟಾಕಿ ಸುಟ್ಟರು, ಎಲ್ಲರೂ ಮನೆಗೆ ಹೋದರು. ನವೆಂಬರಿನಲ್ಲಿ ಆಯೋಗ ಮಗ್ವಾಯರ್‌ಗೆ 20 ಸಾವಿರ ಡಾಲರ್ ಪರಿಹಾರ ಕೊಡಬೇಕೆಂದು ಆದೇಶಿಸಿತು. 20 ಲಕ್ಷದ ಹೊರೆ ಎಂದವರಿಗೆ ಕೊನೆಗೆ ಬಿದ್ದದ್ದು ಅದರ ನೂರರಲ್ಲಿ ಒಂದು ಪಾಲು. ಇದನ್ನು ಪೂರಾ ಗೆಲುವು ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಮಗ್ವಾಯರ್ ಕೇಳಿದ್ದು ದುಡ್ಡಲ್ಲ, ಓಟದಲ್ಲಿ ಯಾರು ಗೆದ್ದರು ಅಂತ ತಾವೇ ಓದಿ ತಿಳಿಯುವುದು. ಅದು ಆಗಲಿಲ್ಲ.

ಆಮೇಲಿನ ಕತೆ ಬೇಗ ಹೇಳಬಹುದು. ಅಮೆರಿಕದಲ್ಲಿ ಅಂಧರ ಸಂಘವೊಂದು ಟಾರ್ಗೆಟ್ ಎಂಬ ಅಂಗಡಿ ಕಂಪನಿಯ ಮೇಲೆ 2006ರಲ್ಲಿ ಇಂಥದೇ ದಾವೆ ಹೂಡಿತು, 2008ರಲ್ಲಿ 60 ಲಕ್ಷ ಡಾಲರಿಗೆ ರಾಜಿಯಾಯಿತು. ದೊಡ್ಡ ಮೊತ್ತ ಕಂಡ ಮೇಲೆ ಕಂಪನಿಗಳಿಗೆ ಕಿವಿ ಕೇಳತೊಡಗಿತು ಅನ್ನಿ.

ನಮ್ಮ ದೇಶದ 1995ರ ಅಂಗವಿಕಲರ ಕಾಯ್ದೆಯಲ್ಲಿ ವೆಬ್‌ಸೈಟಿನ ಮಾತಿರಲಿಲ್ಲ. 2016ರ ಕಾಯ್ದೆಯಲ್ಲಿ ಬಂತು. ಆದರೆ ಅದರಡಿ 2017ರಲ್ಲಿ ಮಾಡಿದ ನಿಯಮಗಳು ಹಲವು ಮಾರ್ಗಸೂಚಿಗಳತ್ತ ಬೆರಳು ತೋರಿಸಿದವು. ಆ ಮಾರ್ಗಸೂಚಿಗಳಲ್ಲಿ ‘ಮಾಡಲೇಬೇಕು’ ಎನ್ನುವುದಕ್ಕಿಂತ ‘ಮಾಡಿದರೆ ಒಳ್ಳೆಯದು’ ಎನ್ನುವ ಧಾಟಿಯೇ ಜಾಸ್ತಿ. ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಈ ನಿಯಮ ಮೂಲ ಕಾಯ್ದೆಗೇ ಹೊಂದುವುದಿಲ್ಲ ಎಂದು ಹೇಳಿ, ಕಡ್ಡಾಯ ನಿಯಮಗಳನ್ನು ರೂಪಿಸಲು ಮೂರು ತಿಂಗಳ ಗಡುವು ಕೊಟ್ಟಿತು. ಮರುವರ್ಷದ ಏಪ್ರಿಲ್ 30ಕ್ಕೆ ಇನ್ನೊಂದು ತೀರ್ಪು. ಬ್ಯಾಂಕು, ಸಿಮ್ ಕಾರ್ಡುಗಳಿಗೆ ಮನೆಯಲ್ಲೇ ಕೂತು ಗುರುತು ಕೊಡುವಾಗ ಕ್ಯಾಮರಾ ಎದುರು ‘ಕಣ್ಣು ಮಿಟುಕಿಸಿ’ ಎಂದು ಬರುತ್ತದಲ್ಲ, ಆಸಿಡ್ ದಾಳಿಯಲ್ಲಿ ಮುಖ ಸುಟ್ಟವರು ಮಿಟುಕಿಸುವುದು ಹೇಗೆ? ಪ್ರಜ್ಞಾ ಪ್ರಸೂನ್ ಮತ್ತು ಅಂಧರಾದ ಅಮರ್ ಜೈನ್ ಅವರ ಅರ್ಜಿಗಳ ಮೇಲೆ ಕೋರ್ಟ್ 20 ನಿರ್ದೇಶನಗಳನ್ನು ಕೊಟ್ಟಿತು. ಡಿಜಿಟಲ್ ಸೇವೆ ಎಟುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲೇ ಸೇರಿದೆ ಎಂದಿತು. ಸಿಡ್ನಿಯಲ್ಲಿ ಅದು ಸೇವೆಯಾಗಿತ್ತು, ಇಲ್ಲಿ ಬದುಕೇ ಆಯಿತು.

ಕನ್ನಡಕ್ಕೆ ಇದರಲ್ಲಿ ತನ್ನದೇ ಆದ ಒಂದು ತೊಡಕಿದೆ, ಅದನ್ನು ಕೋರ್ಟು ಬಿಡಿಸಲಾರದು. ಯುನಿಕೋಡ್ ಬಳಕೆಗೆ ಬರುವ ಮೊದಲು ನಾವೆಲ್ಲ ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡುತ್ತಿದ್ದೆವು. ಕಣ್ಣಿಗೆ ಅದು ಚೆಂದದ ಕನ್ನಡ. ಕಂಪ್ಯೂಟರಿನ ಹೊಟ್ಟೆಯೊಳಗೆ ಮಾತ್ರ ರೋಮನ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅಂಥ ಕಡತ ತೆರೆದರೆ ಓದಿ ಹೇಳುವ ತಂತ್ರಾಂಶ ಅರ್ಥವಿಲ್ಲದ ಅಕ್ಷರಗಳನ್ನು ಉರುಳಿಸುತ್ತಾ ಹೋಗುತ್ತದೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಯುನಿಕೋಡ್ ಕನ್ನಡವನ್ನು ಓದುತ್ತದೆ. ಅದನ್ನು 2006ರಲ್ಲಿ ಶುರುಮಾಡಿದವರೂ ಆಸ್ಟ್ರೇಲಿಯಾದವರೇ, ಮೈಕಲ್ ಕರನ್ ಎಂಬ ಅಂಧ ಯುವಕ. ಹಳೆಯ ಫಾಂಟಿನ ಬರಹವನ್ನು ಯುನಿಕೋಡಿಗೆ ತಿರುಗಿಸುವ ಸಾಧನಗಳೂ ಪುಕ್ಕಟೆ ಸಿಗುತ್ತವೆ. ತಿರುಗಿಸುವಾಗ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡುತ್ತವೆ. ಕನ್ನಡ ಬಲ್ಲವರೊಬ್ಬರು ಕೂತು ಸಾಲು ಸಾಲು ಓದಿ ತಿದ್ದಬೇಕು. ನಮ್ಮಂಥ ವಾಚನಾಲಯಗಳಲ್ಲಿ ಆ ಕೆಲಸಕ್ಕೆ ಜನ ಇದ್ದಾರೆ, ಮಳೆಗಾಲದ ಮಧ್ಯಾಹ್ನಗಳೂ ಬೇಕಾದಷ್ಟಿವೆ.